ಕೋರಂ ಇಲ್ಲದ ಊರು

ಇಂಗ್ಲೆಂಡಿನ ಒಂದು ಸಣ್ಣ ಹಳ್ಳಿಯ ಆಡಳಿತ ಸಭೆ ಮುಗಿದುಹೋದದ್ದಕ್ಕೆ ನಾನು ಸಾಕ್ಷಿ. ಆ ಹಳ್ಳಿಯನ್ನು ನಾನು ನೋಡಿಲ್ಲ. ಅದು ಮುಗಿಯುವಾಗ ನಾನಿದ್ದದ್ದು ಕ್ಯಾಲಿಫೋರ್ನಿಯಾದ ಲಾಸ್ ಆಲ್ಟೋಸಿನ ಒಂದು ಅಡುಗೆಮನೆಯಲ್ಲಿ. ಎದುರಿಗೆ ಟೆಲಿಫೋನು, ಒಲೆಯ ಮೇಲೆ ಟೊಮೆಟೊ ಸೂಪು. ಟೊಮೆಟೊ ಸೂಪೇ ಎಂದು ಈಗ ಆಣೆಯಿಟ್ಟು ಹೇಳಲಾರೆ. ಆಗ ನಾನು ದಿನಚರಿ ಬರೆಯುತ್ತಿದ್ದೆ, ನಿಜ. ಆದರೆ ಆ ದಿನದ ಪುಟದಲ್ಲಿರುವುದು ಒಂದೇ ಸಾಲು: 'ಅಜ್ಜಿ ಒಪ್ಪಲಿಲ್ಲ.' ಉಳಿದದ್ದನ್ನು ನೆನಪಿನಿಂದ ಬರೆಯುತ್ತಿದ್ದೇನೆ. ಖಾಲಿ ಜಾಗ ಕಂಡಲ್ಲೆಲ್ಲ ನೆನಪು ಏನಾದರೊಂದನ್ನು ತಂದಿಟ್ಟುಬಿಡುತ್ತದೆ ಎಂಬುದು ನನಗೆ ಗೊತ್ತು.

ಎರಡು ಸಾವಿರನೆಯ ಇಸವಿ. ಮದುವೆಯ ಆಮಂತ್ರಣಗಳನ್ನು ಇಂಟರ್ನೆಟ್ಟಿನಲ್ಲೇ ಕಳಿಸುವಂತೆ ಮಾಡುತ್ತೇವೆಂದು ಹೊರಟಿದ್ದ ಕಂಪನಿಯೊಂದರಲ್ಲಿ ನನ್ನ ಗಂಡನಿಗೆ ಕೆಲಸ. ನನ್ನದು ಅವರ ವೀಸಾಕ್ಕೆ ಅಂಟಿಕೊಂಡ ವೀಸಾ. ಸಂಬಳಕ್ಕೆ ದುಡಿಯುವ ಹಾಗಿರಲಿಲ್ಲ. ಕಂಪ್ಯೂಟರ್ ಕಂಪನಿಗಳ ಆ ಕಣಿವೆಯಲ್ಲಿ ಅಪಾರ್ಟ್‌ಮೆಂಟ್ ಸಿಗುವುದೇ ಕಷ್ಟವಾಗಿದ್ದ ಕಾಲ. ಹೇಗೋ ಒಬ್ಬ ಮುದುಕಿಯ ಹಿತ್ತಿಲಲ್ಲಿ, ಹಿಂದೆ ಏಪ್ರಿಕಾಟ್ ಹಣ್ಣು ಒಣಗಿಸುತ್ತಿದ್ದ ಷೆಡ್ಡನ್ನು ತಿದ್ದಿ ಮಾಡಿದ ಎರಡು ಕೋಣೆಗಳು ನಮಗೆ ಸಿಕ್ಕಿದ್ದವು. ನಮ್ಮಿಬ್ಬರ ನಡುವೆ ಆಕೆಗೆ 'ಓನರ್ ಅಜ್ಜಿ' ಎಂಬ ಹೆಸರು ಬಿತ್ತು; ಆಮೇಲೆ ಬರೀ ಅಜ್ಜಿ. ಇಂಗ್ಲೆಂಡಿನಲ್ಲಿ ಹುಟ್ಟಿ, ಅಮೆರಿಕದ ಸೈನಿಕನೊಬ್ಬನನ್ನು ಮದುವೆಯಾಗಿ ಇಲ್ಲಿಗೆ ಬಂದವರು. ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಕಣ್ಣಿನ ನಡುಭಾಗ ಮಸುಕಾಗುವ ಕಾಯಿಲೆ ಅವರಿಗೆ. ಎದುರಿಗೆ ನಿಂತವರ ಮುಖ ಕಾಣದು, ಪಕ್ಕದಲ್ಲಿರುವ ಬೇಲಿ ಕಾಣುತ್ತದೆ. ಅದಕ್ಕೇ ಮಾತಾಡುವಾಗ ಮುಖವನ್ನು ಸ್ವಲ್ಪ ಅತ್ತ ತಿರುಗಿಸಿಕೊಳ್ಳುತ್ತಿದ್ದರು. ಮೊದಲ ತಿಂಗಳು ಅದನ್ನು ಜಂಬವೆಂದುಕೊಂಡಿದ್ದೆ.

ನಾನು ಮೈಸೂರಿನಲ್ಲಿ ಚರಿತ್ರೆಯ ಎಂ.ಎ. ಮಾಡಿದವಳು ಎಂದು ತಿಳಿದಾಗ ಅವರು ನನ್ನನ್ನು ಅಡುಗೆಮನೆಗೆ ಕರೆದು ಕೂರಿಸಿಕೊಂಡರು. ತಾವು ಹುಟ್ಟಿದ ಪ್ಯಾರಿಷ್‌ನ ಚರಿತ್ರೆಯನ್ನು ಬರೆಯಬೇಕಿತ್ತು ಅವರಿಗೆ. ಅವರು ಹೇಳುವುದು, ನಾನು ಟೈಪು ಮಾಡುವುದು.

"ಪ್ಯಾರಿಷ್ ಅಂದರೆ ಏನು ಗೊತ್ತಾ ನಿನಗೆ?" ಎಂದರು. ನಾವು ಮಾತಾಡುತ್ತಿದ್ದದ್ದು ಇಂಗ್ಲಿಷಿನಲ್ಲಿ. ಈಗ ಅವರ ಮಾತೆಲ್ಲ ನನಗೆ ಕನ್ನಡದಲ್ಲೇ ಕೇಳಿಸುತ್ತದೆ. ಅದನ್ನೂ ಓದುವವರು ಗಮನದಲ್ಲಿಟ್ಟುಕೊಳ್ಳಬೇಕು.

"ಗೊತ್ತು. ಪರೀಕ್ಷೇಲಿ ಬಂದಿತ್ತು. ಇಂಗ್ಲೆಂಡಿನ ಸ್ಥಳೀಯ ಆಡಳಿತದ ಬಗ್ಗೆ ಟಿಪ್ಪಣಿ ಬರೀರಿ ಅಂತ."

"ಬರೆದೆಯಾ?"

"ಬರೆದೆ. ಪಾಸೂ ಆದೆ."

"ಹಾಗಾದರೆ ನಿನಗೆ ಗೊತ್ತಿಲ್ಲ" ಎಂದು ಅವರು ಹೇಳಿಕೊಡಲು ಶುರು ಮಾಡಿದರು.

ಒಂದು ಚರ್ಚಿಗೆ ಸೇರಿದ ಊರಿನ ಎಲ್ಲೆಯೇ ಪ್ಯಾರಿಷ್; ಹಿಂದೆ ಆ ಚರ್ಚೇ ಊರಿನ ಕಚೇರಿಯಾಗಿತ್ತಂತೆ. ಚರ್ಚಿನ ಒಂದು ಕೋಣೆಯಲ್ಲಿ ಊರ ದೊಡ್ಡವರು ಸೇರಿ ರಸ್ತೆಗೆ ಯಾರು ಕಲ್ಲು ಹಾಕಬೇಕು, ಯಾವ ವಿಧವೆಗೆ ರೊಟ್ಟಿ ಕೊಡಬೇಕು, ಯಾವ ಬಡವನನ್ನು ಅವನ ಹುಟ್ಟೂರಿಗೆ ಅಟ್ಟಬೇಕು ಎಂದು ತೀರ್ಮಾನಿಸುತ್ತಿದ್ದರು. ಬೀದಿಗೆ ಬಿದ್ದ ದನ ಕೂಡಿಹಾಕಲು ಕಲ್ಲಿನ ದೊಡ್ಡಿ ಇತ್ತು. ದೊಡ್ಡಿ ಎಂದರೇನೆಂದು ಅವರು ವಿವರಿಸಲು ಹೊರಟಾಗ, ಅದೊಂದು ಮಾತ್ರ ನಮ್ಮೂರಿನಲ್ಲೂ ಇತ್ತು ಎಂದೆ. ಅವರಿಗೆ ನಿಜಕ್ಕೂ ಖುಷಿಯಾಯಿತು. ವರ್ಷಕ್ಕೊಮ್ಮೆ ಊರವರೆಲ್ಲ ಎಲ್ಲೆಯ ಗುಂಟ ನಡೆದು ಗಡಿಕಲ್ಲುಗಳನ್ನು ಕೋಲಿನಿಂದ ಬಡಿದು ಬರುತ್ತಿದ್ದರು. ಮಕ್ಕಳಿಗೆ ಎಲ್ಲೆ ಮರೆಯಬಾರದೆಂದು ಕಲ್ಲಿನ ಹತ್ತಿರ ಅವರನ್ನು ತಲೆಕೆಳಗಾಗಿ ಹಿಡಿಯುತ್ತಿದ್ದರಂತೆ. "ನನ್ನನ್ನೂ ಹಿಡಿದಿದ್ದಾರೆ. ಫ್ರಾಕು ಮುಖದ ಮೇಲೆ ಬಂದಿತ್ತು. ಕಲ್ಲು ನೋಡಿದ್ದೇ ನೆನಪಿಲ್ಲ" ಎಂದು ನಕ್ಕರು.

ನೂರು ವರ್ಷಗಳ ಹಿಂದೆ ಸರ್ಕಾರ ಈ ಕೆಲಸಗಳನ್ನು ಚರ್ಚಿನಿಂದ ತೆಗೆದು ಊರವರೇ ಆರಿಸುವ ಸಭೆಗೆ ಕೊಟ್ಟಿತು. ಅದೇ ಪ್ಯಾರಿಷ್ ಕೌನ್ಸಿಲ್. ನಮ್ಮ ಗ್ರಾಮ ಪಂಚಾಯ್ತಿಯ ಹಾಗೆ. ಆದರೆ ಅಧಿಕಾರ ಇನ್ನೂ ಕಡಿಮೆ. ಕಾಲುದಾರಿ, ಒಂದು ಬೆಂಚು, ನೋಟಿಸ್ ಬೋರ್ಡು, ಸ್ಮಶಾನದ ಹುಲ್ಲು, ಮತ್ತು ಊರ ನಡುವಿನ ಒಂದು ಹುಲ್ಲುಬಯಲು. ಅಜ್ಜಿಯ ತಂದೆ ಆ ಕೌನ್ಸಿಲ್ಲಿನ ಕ್ಲರ್ಕ್ ಆಗಿದ್ದವರು. ಸಭೆಯ ನಡಾವಳಿ ಬರೆಯುವುದು, ನೋಟಿಸ್ ಹಚ್ಚುವುದು, ಇಷ್ಟೇ ಅವರ ಕೆಲಸ. ಆದರೆ ಅವರು ಬರೆಯದ ಹೊರತು ಆ ಊರಿನಲ್ಲಿ ಏನೂ ನಡೆದ ಹಾಗಲ್ಲ.

ಊರಿಗೆ ಅಪಾಯ ಬಂದದ್ದು ಜನ ಇಲ್ಲದ್ದರಿಂದ. ಮನೆಗಳನ್ನು ಲಂಡನ್ನಿನವರು ಕೊಂಡು ಶನಿವಾರ ಭಾನುವಾರಕ್ಕೆ ಬಂದುಹೋಗುತ್ತಿದ್ದರು. ಐದು ಸ್ಥಾನಗಳ ಕೌನ್ಸಿಲ್ಲಿಗೆ ನಿಲ್ಲುವವರೇ ಇರಲಿಲ್ಲ. ಪಕ್ಕದಲ್ಲಿ ದೊಡ್ಡ ಪ್ಯಾರಿಷ್ ಒಂದಿತ್ತು. ಅದರ ಕಣ್ಣು ಈ ಹುಲ್ಲುಬಯಲಿನ ಮೇಲೆ, ಕಾರು ನಿಲ್ಲಿಸಲು. ಇಲ್ಲಿನ ಕೌನ್ಸಿಲ್ ನಡೆಯದಂತಾದರೆ ಜಿಲ್ಲೆಯವರು ಎರಡನ್ನೂ ಕೂಡಿಸಿಬಿಡುತ್ತಾರೆ ಎಂಬ ಮಾತು ಆಗಲೇ ಇತ್ತು. ಅಜ್ಜಿಗೆ ಇದ್ದದ್ದು ಒಂದೇ ಹಟ: ಅಪ್ಪ ಬರೆದು ನಡೆಸಿದ ಸಭೆ ತನ್ನ ಕಾಲದಲ್ಲಿ ಮುಚ್ಚಬಾರದು.

ತಂದೆ ಬಿಟ್ಟುಹೋದ ಒಂದು ತುಂಡು ಹುಲ್ಲುನೆಲವನ್ನು ಅವರು ಯಾರಿಗೂ ಗುತ್ತಿಗೆ ಕೊಡದೆ ತಮ್ಮ ಹತ್ತಿರವೇ ಇಟ್ಟುಕೊಂಡಿದ್ದರು. ಆ ನೆಲದಿಂದಾಗಿ, ಇಷ್ಟು ದೂರದಲ್ಲಿದ್ದರೂ, ಸದಸ್ಯೆಯಾಗಲು ಅವರಿಗೆ ಹಕ್ಕಿತ್ತು. ಮೇ ತಿಂಗಳಿನಲ್ಲಿ ವಿಮಾನ ಹತ್ತಿ ಹೋದರು. ಎದುರಾಳಿಗಳಿಲ್ಲದೆ ಆಯ್ಕೆಯಾದರು, ಮೊದಲ ಸಭೆಯಲ್ಲಿ ಕೂತರು, ತಿರುಗಿ ಬಂದರು. ಬಂದವರು ನನ್ನನ್ನು ಕೆಣಕಿದರು:

"ನೋಡು, ನೀನು ಇಂಡಿಯಾದವಳು, ಕಾಮನ್‌ವೆಲ್ತಿನವಳು. ಅಲ್ಲಿ ಹೋಗಿ ಒಂದು ವರ್ಷ ಇದ್ದರೆ ನೀನೂ ನನ್ನೂರಿನ ಕೌನ್ಸಿಲ್ಲಿಗೆ ನಿಲ್ಲಬಹುದು. ಇಲ್ಲಿ ನಿನಗೆ ಬೀದಿನಾಯಿ ಹಿಡಿಯೋನನ್ನ ಆರಿಸೋ ಹಕ್ಕೂ ಇಲ್ಲ."

ಗಂಡನಿಗೆ ಹೇಳಿದರೆ ಅವರು ಸಾಕ್ಸು ಬಿಚ್ಚುತ್ತಾ, "ಅಲ್ಲ ಕಣೇ, ನಮ್ಮ ಮಂಡ್ಯ ಪಂಚಾಯ್ತೀಲಿ ಏನಾಗ್ತಿದೆ ಅಂತ ನಿಂಗೊತ್ತಿಲ್ಲ. ಇಂಗ್ಲೆಂಡ್ ಪಂಚಾಯ್ತಿ ತಗೊಂಡು ಏನ್ ಮಾಡ್ತೀಯ?" ಎಂದರು.

"ನೀವು ಡಾಟ್ ಕಾಮ್ ತಗೊಂಡು ಏನ್ ಮಾಡ್ತಿದೀರೋ ಅದೇ ರೀ."

"ನಂಗಾದ್ರೆ ಸ್ಟಾಕ್ ಆಪ್ಷನ್ ಇದೆಯಮ್ಮಾ."

"ನಂಗೆ ಅಜ್ಜಿ ದಿನಾ ಬಿಸ್ಕತ್ತು ಕೊಡ್ತಾರೆ."

ಐದರಲ್ಲಿ ಒಂದು ಸ್ಥಾನ ಮೊದಲಿನಿಂದಲೂ ಖಾಲಿಯೇ ಇತ್ತು. ಬೇಸಿಗೆ ಕಳೆಯುವುದರೊಳಗೆ ಅಲ್ಲಿನ ಒಬ್ಬ ಸದಸ್ಯರು ಮಗಳ ಮನೆಗೆಂದು ಊರು ಬಿಟ್ಟರು. ಉಳಿದವರು ಮೂವರು: ಕುರಿ ಸಾಕುವ ಅಧ್ಯಕ್ಷ, ಮಾತೇ ಆಡದ ಇನ್ನೊಬ್ಬ, ಮತ್ತು ಕ್ಯಾಲಿಫೋರ್ನಿಯಾದಲ್ಲಿದ್ದ ನಮ್ಮ ಅಜ್ಜಿ. ಸಭೆ ನಡೆಯಲು ಕನಿಷ್ಠ ಇರಬೇಕಾದವರೂ, ಅಂದರೆ ಕೋರಂಗೆ ಬೇಕಾದವರೂ, ಮೂವರೇ. ಸೆಪ್ಟೆಂಬರಿನ ಸಭೆ ಕೋರಂ ಇಲ್ಲದೆ ನಿಂತಿತು. ನವೆಂಬರಿನ ಸಭೆಗೆ ಹೋಗಲು ಅಜ್ಜಿ ಟಿಕೆಟ್ ತೆಗೆಸಿದರು. ಆಮೇಲೆ ಹಿತ್ತಿಲಲ್ಲಿ ನೀರಿನ ಪೈಪು ಎಡವಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ಕೂಡಿಸಿದ ಮೇಲೆ ಕಾಲಿನ ರಕ್ತನಾಳದಲ್ಲಿ ಹೆಪ್ಪು ಕಾಣಿಸಿಕೊಂಡಿತು. ವಿಮಾನ ಹತ್ತಿದರೆ ಇಳಿಯುವ ಭರವಸೆ ಇಲ್ಲ ಎಂದರು ಡಾಕ್ಟರು.

ಅಲ್ಲಿನ ಕಾನೂನಿನಂತೆ ಆರು ತಿಂಗಳು ಯಾವ ಸಭೆಗೂ ಹೋಗದ ಸದಸ್ಯರ ಸ್ಥಾನ ತಾನಾಗಿ ಹೋಗುತ್ತದೆ. ನವೆಂಬರಿನ ಸಭೆ ತಪ್ಪಿದರೆ ಅಜ್ಜಿಯ ಸ್ಥಾನ ಹೋಯಿತು. ಅದು ಹೋದರೆ ಕೋರಂ ಮತ್ತೆ ಎಂದೂ ಆಗದು.

ನನಗೆ ಹೊಳೆದದ್ದು ನಮ್ಮೂರಿನ ದಾರಿ. "ನಿಮ್ಮ ಬದಲಿಗೆ ಬೇರೆ ಯಾರನ್ನಾದ್ರೂ ಕಳಿಸಬಹುದಲ್ಲ?" ಎಂದೆ. ನನ್ನ ಚಿಕ್ಕಮ್ಮ ಮಹಿಳಾ ಮೀಸಲಿನಲ್ಲಿ ಪಂಚಾಯ್ತಿ ಮೆಂಬರಾಗಿದ್ದರು; ಸಭೆಗೆ ಹೋಗುತ್ತಿದ್ದದ್ದು ಚಿಕ್ಕಪ್ಪ. ಚಿಕ್ಕಮ್ಮ ಮನೆಯಲ್ಲೇ ಇದ್ದರೂ ಪುಸ್ತಕದಲ್ಲಿ ಹಾಜರು. ಇದನ್ನು ಹೇಳಿದಾಗ ಅಜ್ಜಿ ನೋವು ಮರೆತು ನಕ್ಕರು.

"ನಿನ್ನ ಚಿಕ್ಕಮ್ಮನಿಗೆ ಬೇಜಾರಾಗ್ತಿರಲಿಲ್ವಾ?"

"ಗೊತ್ತಿಲ್ಲ. ಯಾರೂ ಕೇಳಿರಲಿಲ್ಲ."

ಅವರು ನಗುವುದನ್ನು ನಿಲ್ಲಿಸಿದರು. ಏಕೆಂದು ಆಗ ತಿಳಿಯಲಿಲ್ಲ.

ಅಲ್ಲಿನ ಕ್ಲರ್ಕ್ ಒಬ್ಬ ಹೆಂಗಸು, ಇನ್ನೂ ಎರಡು ಊರುಗಳ ಇದೇ ಕೆಲಸ ಮಾಡುತ್ತಿದ್ದವರು. ಫೋನಿನಲ್ಲಿ ಬಹಳ ಮೆತ್ತಗೆ ಮಾತಾಡುತ್ತಿದ್ದರು. ಅಜ್ಜಿಯ ಫೋನಿನಲ್ಲಿ ಎಲ್ಲರಿಗೂ ಕೇಳಿಸುವ ಗುಂಡಿ ಇದ್ದದ್ದರಿಂದ ನನಗೂ ಎಲ್ಲ ಕೇಳಿಸುತ್ತಿತ್ತು. ಕಾಯಿಲೆಯ ಕಾರಣಕ್ಕೆ ಗೈರುಹಾಜರಿಯನ್ನು ಕೌನ್ಸಿಲ್ ಮನ್ನಿಸಬಹುದು, ಹಾಗೆ ಮನ್ನಿಸಿದರೆ ಸ್ಥಾನ ಉಳಿಯುತ್ತದೆ ಎಂದರು. ನಾನು ಕುರ್ಚಿಯಿಂದ ಎದ್ದೇಬಿಟ್ಟೆ.

"ಆದರೆ ಮನ್ನಿಸೋದಕ್ಕೆ ಸಭೆ ನಡೀಬೇಕು" ಎಂದರು ಕ್ಲರ್ಕ್.

"ಸಭೆಗೆ ಕೋರಂ ಬೇಕು" ಎಂದರು ಅಜ್ಜಿ.

"ಹೌದು. ಕ್ಷಮಿಸಿ."

"ಕೋರಂಗೆ ನಾನು ಬೇಕು."

"ಹೌದು. ತುಂಬಾ ಕ್ಷಮಿಸಿ."

ಖಾಲಿ ಸ್ಥಾನಕ್ಕೆ ಹೊಸಬರನ್ನು ಸೇರಿಸಿಕೊಳ್ಳಬಹುದಲ್ಲ ಎಂದರೆ ಅದಕ್ಕೂ ಸಭೆ ಬೇಕು. ಜಿಲ್ಲೆಯವರು ಮನಸ್ಸು ಮಾಡಿದರೆ ತಾತ್ಕಾಲಿಕವಾಗಿ ಯಾರನ್ನಾದರೂ ನೇಮಿಸಬಹುದಿತ್ತು. ಅವರು ಮನಸ್ಸು ಮಾಡಲಿಲ್ಲ. ಕೂಡಿಸಿಬಿಡುವುದು ಅವರಿಗೆ ಸುಲಭ.

ಕೊನೆಗೆ ಅಧ್ಯಕ್ಷರೇ ಒಂದು ಯೋಚನೆ ಕೊಟ್ಟರು. ಸಭೆಯ ದಿನ ಅಲ್ಲಿನ ಹಾಲ್‌ಗೆ ಇಲ್ಲಿಂದ ಫೋನು ಮಾಡಬೇಕು; ಮುಂದಿನದು ಆಮೇಲೆ ನೋಡೋಣ ಎಂದರು.

ಅದು ನವೆಂಬರಿನ ಒಂದು ಮಂಗಳವಾರ. ಅಲ್ಲಿ ಸಂಜೆ, ಇಲ್ಲಿ ಊಟಕ್ಕೆ ಮುಂಚಿನ ಹೊತ್ತು. ಆ ವಾರ ಟೀವಿಯಲ್ಲಿ ಹೊತ್ತು ಹೊತ್ತಿಗೂ ಒಂದೇ ಸುದ್ದಿ: ಈ ದೇಶದ ಅಧ್ಯಕ್ಷರು ಯಾರೆಂದು ತಿಳಿಯದೆ ಒಂದು ರಾಜ್ಯದ ಮತಗಳನ್ನು ಮತ್ತೆ ಮತ್ತೆ ಎಣಿಸುತ್ತಿದ್ದರು. ಓಟಿನ ಚೀಟಿಯನ್ನು ದೀಪಕ್ಕೆ ಹಿಡಿದು, ಮತದ ತೂತು ಬಿದ್ದಿದೆಯೇ ಎಂದು ನೋಡುವವನ ಮುಖ. ನಾನು ಟೀವಿಯ ಸದ್ದು ಆರಿಸಿದೆ. ಇಂಡಿಯಾಕ್ಕೆ ಮಾತಾಡಲೆಂದು ಗ್ರೋಸರಿ ಅಂಗಡಿಯಲ್ಲಿ ಕೊಂಡಿಟ್ಟಿದ್ದ ಕಾಲಿಂಗ್ ಕಾರ್ಡು ನನ್ನ ಹತ್ತಿರ ಇತ್ತು. ಅದರಲ್ಲೇ ಮಾಡೋಣ ಎಂದೆ. ಅಜ್ಜಿ ಒಳ್ಳೆಯ ನೀಲಿ ಕೋಟು ತೊಡಿಸಲು ಹೇಳಿದರು. ಫೋನಿನಲ್ಲಿ ಯಾರೂ ನೋಡುವುದಿಲ್ಲ ಎನ್ನಬೇಕೆಂದುಕೊಂಡೆ, ಎನ್ನಲಿಲ್ಲ.

ಅಲ್ಲಿ ಫೋನು ಹಾಲ್‌ನ ಅಡುಗೆ ಮೂಲೆಯ ಗೋಡೆಗಿತ್ತು. ಕ್ಲರ್ಕ್ ರಿಸೀವರನ್ನು ಎಳೆದು ಮೇಜಿನ ಮೇಲಿಟ್ಟರು. ಕೆಟಲಿನಲ್ಲಿ ನೀರು ಕುದಿಯುವ ಸದ್ದು, ಕಬ್ಬಿಣದ ಕುರ್ಚಿಗಳನ್ನು ಬಿಡಿಸುವ ಸದ್ದು. ಯಾರೋ ಕೆಮ್ಮಿದರು. ಮಾತಾಡದ ಸದಸ್ಯರು ಅವರೇ ಎಂದು ಅಜ್ಜಿ ಸನ್ನೆ ಮಾಡಿದರು.

"ಏನಮ್ಮಾ, ಅಲ್ಲಿ ಬಿಸಿಲು ಕಾಯಿಸ್ಕೊಂಡು ಕೂತಿದ್ದೀಯಾ? ಇಲ್ಲಿ ನಮ್ಮ ಮೂಗು ಉದುರಿಹೋಗೋ ಚಳಿ" ಎಂದು ದೊಡ್ಡ ದನಿ ಬಂತು. ಅಧ್ಯಕ್ಷರು.

"ನಿನ್ನ ಮೂಗು ಉದುರಿದರೆ ಹಾಲ್‌ನಲ್ಲಿ ಜಾಗವಾಗುತ್ತೆ ಬಿಡು."

ಅಲ್ಲಿ ನಕ್ಕರು. ಕೆಮ್ಮುತ್ತಿದ್ದವರೂ ನಕ್ಕರೆಂದು ನನ್ನ ನೆನಪು.

ಕೋರಂ ಇಲ್ಲದಿದ್ದರೆ ಕಾಲು ಗಂಟೆ ಕಾಯುವುದು ಆ ಊರಿನ ಪದ್ಧತಿ. ಕಾದರು. ಬರಬೇಕಾದವರು ಯಾರೂ ಇರಲಿಲ್ಲ, ಆದರೂ ಕಾದರು. ಕುರಿಗಳ ಬಗ್ಗೆ ಮಾತಾಯಿತು. ಆಮೇಲೆ ಅಧ್ಯಕ್ಷರ ದನಿ ಸ್ವಲ್ಪ ತಗ್ಗಿತು.

"ನೋಡು, ನಿನ್ನ ಮಾತು ಇಲ್ಲಿ ನಮ್ಮಷ್ಟೇ ಚೆನ್ನಾಗಿ ಕೇಳ್ತಿದೆ. ಹಾಜರು ಅಂತ ಬರೆದುಕೊಳ್ಳೋಣ. ಫೋನು ಅಂತ ಬರೆಯೋದು ಬೇಡ. ಹಾಜರು, ಅಷ್ಟೇ. ಜಿಲ್ಲೆಯಿಂದ ಯಾರೂ ಬಂದು ನೋಡೋದಿಲ್ಲ."

ಕ್ಲರ್ಕ್, "ಅಧ್ಯಕ್ಷರು ಹೇಳಿದರೆ ನಾನು ಬರೀಬಹುದು. ನನ್ನಿಂದ ಈ ಊರು ಮುಚ್ಚೋದು ನನಗೂ ಬೇಡ" ಎಂದರು.

ನಾನು ಅಜ್ಜಿಯ ಮುಖ ನೋಡಿದೆ. ಅವರು ಎಂದಿನಂತೆ ಮುಖವನ್ನು ಫೋನಿನಿಂದ ಪಕ್ಕಕ್ಕೆ, ನೇರ ನನ್ನ ಕಡೆಗೆ, ತಿರುಗಿಸಿಕೊಂಡಿದ್ದರು. ಒಂದು ಪದ ಸಾಕಿತ್ತು. ಗೈರುಹಾಜರಿಯ ಪ್ರಶ್ನೆಯೇ ಏಳುತ್ತಿರಲಿಲ್ಲ, ಹೊಸಬರನ್ನು ಸೇರಿಸಿಕೊಳ್ಳಬಹುದಿತ್ತು, ಬಯಲು ಉಳಿಯುತ್ತಿತ್ತು. ಮಂಡ್ಯದಲ್ಲಾಗಿದ್ದರೆ ಇದನ್ನು ಯಾರೂ ಪ್ರಶ್ನೆಯೆಂದೇ ತಿಳಿಯುತ್ತಿರಲಿಲ್ಲ. ಹೂಂ ಅನ್ನಿ ಎಂದು ನಾನು ಕೈಸನ್ನೆ ಮಾಡಿದೆ. ಅವರಿಗೆ ನೇರ ಎದುರಿಗಿದ್ದದ್ದು ಕಾಣಿಸುತ್ತಿರಲಿಲ್ಲ ಎಂಬುದು ಆ ಗಳಿಗೆಯಲ್ಲಿ ನನಗೆ ಹೊಳೆಯಲಿಲ್ಲ.

"ಬೇಡ. ನಾನು ಅಲ್ಲಿಲ್ಲ" ಎಂದರು ಅಜ್ಜಿ.

"ಅಯ್ಯೋ ದೇವರೇ! ನಿನ್ನಪ್ಪನೇ ಬಂದ ಹಾಗಾಯ್ತಲ್ಲ."

"ಅಪ್ಪ ಇದ್ದಿದ್ದರೆ ನೀನು ಕೇಳ್ತಾ ಇರಲಿಲ್ಲ. ಬರಿ, ಇಬ್ಬರು ಹಾಜರು. ಕೋರಂ ಇಲ್ಲ. ಸಭೆ ನಡೆಯಲಿಲ್ಲ."

ಪೆನ್ನಿನ ಸದ್ದು ಕೇಳಿಸಿತು ಎಂದು ನಾನು ಎಷ್ಟೋ ಜನಕ್ಕೆ ಹೇಳಿದ್ದೇನೆ. ಅಷ್ಟು ದೂರದ ಪೆನ್ನಿನ ಸದ್ದು ಫೋನಿನಲ್ಲಿ ಕೇಳಿಸುವುದು ಸಾಧ್ಯವಿಲ್ಲ.

ಒಬ್ಬೊಬ್ಬರಾಗಿ ಶುಭರಾತ್ರಿ ಹೇಳಿದರು. ಕುರ್ಚಿ ಮಡಿಸಿದರು. ಕಪ್ಪುಗಳನ್ನು ತೊಳೆದರು. ಬಾಗಿಲಿಗೆ ಬೀಗ ಹಾಕಿದ್ದೂ ಕೇಳಿಸಿತು. ರಿಸೀವರನ್ನು ಗೋಡೆಗೆ ಸಿಕ್ಕಿಸುವುದನ್ನು ಕ್ಲರ್ಕ್ ಮರೆತಿದ್ದರು. ನಾನು ಫೋನು ಇಡಲು ಕೈಚಾಚಿದೆ. ಅಜ್ಜಿ ನನ್ನ ಮಣಿಕಟ್ಟು ಹಿಡಿದುಕೊಂಡರು. ಯಾರೂ ಇಲ್ಲದ ಹಾಲ್ ಅತ್ತ ಕಡೆ ಸಣ್ಣಗೆ ಗುಂಯ್‌ಗುಡುತ್ತಿತ್ತು. ಅವರು ಬಗ್ಗಿ ಅದನ್ನು ಕೇಳುತ್ತಾ ಕೂತರು. ಒಲೆಯ ಮೇಲಿನ ಸೂಪು ತಳ ಹಿಡಿಯಿತು. ಕೊನೆಗೆ ಕಾಲಿಂಗ್ ಕಾರ್ಡಿನ ಹೆಂಗಸಿನ ರೆಕಾರ್ಡ್ ಮಾಡಿಟ್ಟ ದನಿ ಬಂದು, ಇನ್ನೊಂದೇ ನಿಮಿಷ ಉಳಿದಿದೆ ಎಂದು ಲವಲವಿಕೆಯಿಂದ ಹೇಳಿತು. ಆ ನಿಮಿಷವೂ ಮುಗಿದು ಲೈನು ಕಡಿದುಹೋಯಿತು.

ನಾನು ಅವರ ಕೋಟು ಬಿಚ್ಚಿದೆ. ತೋಳಿನಿಂದ ಕೈ ತೆಗೆಯುವಾಗ ಅವರಿಗೆ ನೋವಾಯಿತು. ಟೀವಿ ಹಾಕಲೇ ಎಂದರೆ ಬೇಡ ಎಂದರು.

ಕೆಲವು ದಿನಗಳಾದ ಮೇಲೆ ಕ್ಲರ್ಕ್ ಮತ್ತೆ ಫೋನು ಮಾಡಿದರು. ಅಜ್ಜಿಯ ಸ್ಥಾನ ಖಾಲಿಯಾಗಿದೆ ಎಂಬ ನೋಟಿಸನ್ನು ಹಚ್ಚಿ ಬಂದಿದ್ದರು.

"ನಾಲ್ಕೂ ಮೂಲೆಗೆ ಪಿನ್ನು ಹಾಕಿದ್ದೀಯಾ? ಬೋರ್ಡಿನ ಹತ್ತಿರ ಗಾಳಿ ಜಾಸ್ತಿ."

"ಹಾಕಿದ್ದೀನಿ."

ಊರಿನ ಹತ್ತು ಮತದಾರರು ಸೇರಿ ಕೇಳಿದರೆ ಉಪಚುನಾವಣೆ ನಡೆಯಬೇಕು. ಯಾರೂ ಕೇಳಲಿಲ್ಲ. ವಸಂತದ ಹೊತ್ತಿಗೆ ಎರಡು ಪ್ಯಾರಿಷ್‌ಗಳೂ ಒಂದಾಗಿದ್ದವು. ಗಂಡನ ಕಂಪನಿಯೂ ಅಷ್ಟರಲ್ಲಿ ಬಾಗಿಲು ಹಾಕಿತ್ತು. ಇನ್ನೊಂದು ಕೆಲಸ ಹುಡುಕಿಕೊಂಡು ನಾವು ಯೂನಿಯನ್ ಸಿಟಿಯ ಒಂದು ಅಪಾರ್ಟ್‌ಮೆಂಟಿಗೆ ಹೋದೆವು. ಅಜ್ಜಿ ಚರಿತ್ರೆ ಹೇಳುವುದನ್ನು ನಿಲ್ಲಿಸಿದ್ದರು. ಟೈಪು ಮಾಡಿದ್ದನ್ನು ಓದಿ ಹೇಳಲೇ ಎಂದು ಕೇಳಿದ್ದೆ. "ಯಾರಿಗೆ?" ಎಂದಿದ್ದರು.

ಹುಲ್ಲುಬಯಲಿಗೆ ಜಲ್ಲಿ ಹಾಕುತ್ತಿದ್ದಾರೆ ಎಂದು ಕ್ಲರ್ಕ್ ತಿಳಿಸಿದ ಮೇಲೆ ಒಂದು ಭಾನುವಾರ ನಾನು ಅಜ್ಜಿಯನ್ನು ನೋಡಲು ಹೋದೆ. ಅವರು ಮಂಚದಿಂದ ಏಳುತ್ತಿರಲಿಲ್ಲ. ಏನಾದರೂ ಸಮಾಧಾನ ಹೇಳಬೇಕೆಂದು ಹೋದವಳು ಅದರ ಬದಲು ಕೇಳಬಾರದ್ದನ್ನೇ ಕೇಳಿದೆ.

"ಆವತ್ತು ನೀವು ಹೂಂ ಅಂದಿದ್ದರೆ?"

"ಬಯಲು ಉಳೀತಿತ್ತು" ಎಂದರು. ಆ ಮಾತಿನ ಹಿಂದೆ ಇನ್ನೇನೋ ಬರುತ್ತದೆ ಎಂದು ಕಾದೆ. ತಂದೆಯ ಬಗ್ಗೆ, ಸತ್ಯದ ಬಗ್ಗೆ, ಅಂಥದ್ದೇನಾದರೂ. ಬಂದಿದ್ದರೆ ನನಗೆ ಬರೆಯಲು ಸುಲಭವಾಗುತ್ತಿತ್ತು. ಎಷ್ಟೋ ಸಲ ಆ ಮಾತನ್ನು ನಾನೇ ಅವರ ಬಾಯಲ್ಲಿ ಇಟ್ಟು ನೋಡಿದ್ದೇನೆ, ಅದು ಅಲ್ಲಿ ನಿಲ್ಲುವುದಿಲ್ಲ. ಅವರು ಹೇಳಿದ್ದು ಅಷ್ಟೇ. ಆಮೇಲೆ ಮುಖವನ್ನು ಪೂರ್ತಿ ನನ್ನ ಕಡೆಗೆ ತಿರುಗಿಸಿ, ನಾನು ತಮ್ಮ ಕಣ್ಣಿಗೆ ಕಾಣದ ಹಾಗೆ ಮಾಡಿಕೊಂಡು, ಮಲಗಿದರು.